ಕೇಳದೆ ಉಜ್ಜಿದ ಗ್ರಿಪ್

ಕಳೆದ ಬೇಸಿಗೆ ರಜೆಯ ಒಂದು ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ನಾನು ಕಳ್ಳನ ಹಾಗೆ ಮಗಳ ಪಿಸ್ತೂಲಿನ ಪೆಟ್ಟಿಗೆ ತೆರೆದೆ. ಗಾಬರಿಯಾಗಬೇಡಿ, ಅದು ಸಿನಿಮಾದಲ್ಲಿ ನೋಡುವ ಪಿಸ್ತೂಲಲ್ಲ. ಹತ್ತು ಮೀಟರ್ ಸ್ಪರ್ಧೆಯ ಏರ್ ಪಿಸ್ತೂಲು. ಗಾಳಿಯ ಒತ್ತಡದಲ್ಲಿ 4.5 ಮಿಲಿಮೀಟರಿನ ಸಣ್ಣ ಸೀಸದ ಪೆಲೆಟ್ ಹಾರಿಸುತ್ತದೆ, ಅಷ್ಟೆ. ನನ್ನ ಕೈಯಲ್ಲಿ ಹಳೇ ಮಂಚಕ್ಕೆ ಪಾಲಿಶ್ ಮಾಡಿಸಿದಾಗ ಉಳಿದಿದ್ದ ಒಂದು ತುಂಡು ಸ್ಯಾಂಡ್ ಪೇಪರ್ ಇತ್ತು.

ಅವತ್ತು ಊಟದ ಹೊತ್ತಿಗೆ ನಡೆದದ್ದು ಹೇಳುತ್ತೇನೆ. ಅನ್ನಕ್ಕೆ ಸಾರು ಕಲಸಲು ಹೋದ ಮಗಳು 'ಸ್ಸ್' ಅಂತ ಕೈ ಹಿಂದೆಳೆದುಕೊಂಡು, ಏನೂ ಆಗದವಳ ಹಾಗೆ ಚಮಚ ತಗೊಂಡಳು. ಹಿಡಿದು ನೋಡಿದೆ. ಹೆಬ್ಬೆರಳು ತೋರುಬೆರಳಿನ ಸಂದಿಯಲ್ಲಿ ಚರ್ಮ ಕಿತ್ತು ಕೆಂಪಗಾಗಿತ್ತು. ಅಂಗೈ ತುಂಬ ಸಣ್ಣ ಸಣ್ಣ ಚುಕ್ಕೆಗಳ ಅಚ್ಚು. 'ಏನಿದು ಪುಟ್ಟೀ?' ಅಂದರೆ 'ಏನಿಲ್ಲಪ್ಪ' ಅಂದಳು.

2024ರಲ್ಲಿ ಪ್ಯಾರಿಸ್ಸಿನಲ್ಲಿ ಮನು ಭಾಕರ್ ಇದೇ ಹತ್ತು ಮೀಟರ್ ಏರ್ ಪಿಸ್ತೂಲಿನಲ್ಲಿ ಎರಡು ಕಂಚು ಗೆದ್ದದ್ದು ನಿಮಗೆ ನೆನಪಿರಬಹುದು. ಒಂದು ಒಬ್ಬಳೇ, ಇನ್ನೊಂದು ಸರಬ್ಜೋತ್ ಸಿಂಗ್ ಜೊತೆ. ನನ್ನ ಮಗಳಿಗೆ ಈ ಹುಚ್ಚು ಹಿಡಿದದ್ದು ಆಗ. ಈಗ ಹದಿನಾರು ವರ್ಷ. ರಾಜ್ಯ ಮಟ್ಟದ ಸ್ಪರ್ಧೆಗೆ ಆರು ವಾರ ಉಳಿದಿತ್ತು. ದಿನಕ್ಕೆ ನೂರೈವತ್ತು ಪೆಲೆಟ್, ಅದು ಸಾಲದು ಅಂತ ಮನೆಯಲ್ಲಿ ಖಾಲಿ ಗೋಡೆಗೆ ಗುರಿ ಹಿಡಿದು ನಿಲ್ಲುವುದು. ಸುಮಾರು ಒಂದು ಕೇಜಿ ತೂಕವನ್ನು ಒಂದೇ ಕೈಯಲ್ಲಿ ಎತ್ತಿ, ಇಳಿಸಿ, ಮತ್ತೆ ಎತ್ತಿ.

ಪಿಸ್ತೂಲಿನ ಹಿಡಿಗೆ ರೇಂಜಿನಲ್ಲಿ ಎಲ್ಲರೂ ಗ್ರಿಪ್ ಅಂತಲೇ ಅನ್ನುತ್ತಾರೆ. ಮಗಳದ್ದು ಅಕ್ರೋಟಿನ ಮರದ್ದು. ಅಂಗೈಯ ಏರುತಗ್ಗಿಗೆ ಸರಿಯಾಗಿ ಕೆತ್ತಿ, ಮೈಮೇಲೆಲ್ಲ ಚುಕ್ಕಿ ಚುಕ್ಕಿಯಾಗಿ ಕುಟ್ಟಿ ಒರಟು ಮಾಡಿದ್ದಾರೆ. ಮುಟ್ಟಿದರೆ ಹಲಸಿನ ಹಣ್ಣಿನ ಸಿಪ್ಪೆಯ ನೆನಪಾಗುತ್ತದೆ. ಇದನ್ನು ಕಂಡುಹಿಡಿದವನಿಗೆ ಮಕ್ಕಳಿರಲಿಲ್ಲವೇನೋ ಅಂದುಕೊಂಡು ಅರ್ಧ ಗಂಟೆ ಉಜ್ಜಿದೆ. ಕೊನೆಗೆ ಹೊಸ ಲಟ್ಟಣಿಗೆಯ ಹಾಗೆ ನುಣ್ಣಗಾಯಿತು. ಪುಡಿ ಊದಿ, ಒರೆಸಿ, ಪೆಟ್ಟಿಗೆ ಮುಚ್ಚಿಟ್ಟೆ. ಬಹಳ ದಿನದ ಮೇಲೆ ಒಳ್ಳೇ ಅಪ್ಪನ ಹಾಗೆ ನಿದ್ದೆ ಮಾಡಿದೆ.

ಮೂರೇ ದಿನಕ್ಕೆ ಅವಳ ಸ್ಕೋರು ಬಿತ್ತು.

ಯಾಕೆ ಅಂತ ಆಮೇಲೆ ಅರ್ಥವಾಯಿತು. ಹತ್ತು ಮೀಟರ್ ದೂರದ ಗುರಿಯಲ್ಲಿ ಹತ್ತರ ವೃತ್ತದ ಅಗಲ 11.5 ಮಿಲಿಮೀಟರ್, ನಮ್ಮ ಅಂಗಿಯ ಗುಂಡಿಯಷ್ಟು. ಪಿಸ್ತೂಲಿನ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ ಇರುವುದು ಸುಮಾರು ಮೂವತ್ತೈದು ಸೆಂಟಿಮೀಟರ್. ಮುಂದಿನ ಸೈಟು ಒಂದು ಮಿಲಿಮೀಟರ್ ಅತ್ತಿತ್ತ ಸರಿದರೆ ಆ ಕಡೆ ಪೆಲೆಟ್ ಹೆಚ್ಚು ಕಡಿಮೆ ಮೂರು ಸೆಂಟಿಮೀಟರ್ ದೂರ ಹೋಗಿ ಏಳಕ್ಕೆ ಬೀಳುತ್ತದೆ. ಗ್ರಿಪ್ ನುಣ್ಣಗಾಯಿತು, ಬೇಸಿಗೆಯ ಕೈ ಬೆವರಿತು, ಪಿಸ್ತೂಲು ಕೈಯಲ್ಲಿ ಕೂದಲೆಳೆಯಷ್ಟು ಜಾರತೊಡಗಿತು. ಜಾರುತ್ತಿದೆ ಅಂತ ಕೈ ತಾನಾಗಿಯೇ ಬಿಗಿಯಾಗುತ್ತದೆ. ಬಿಗಿಯಾದ ಕೈ ನಡುಗುತ್ತದೆ. ಮೆಲ್ಲಗೆ ಟ್ರಿಗರ್ ಒತ್ತಬೇಕಾದ ಬೆರಳೂ ಉಳಿದ ಬೆರಳುಗಳ ಜೊತೆ ಗಟ್ಟಿಯಾಗುತ್ತದೆ. ಅವಳಿಗೆ ಕಾರಣ ಗೊತ್ತಾಗದೆ, ತಪ್ಪೆಲ್ಲ ತನ್ನದೇ ಅಂದುಕೊಂಡು ಇನ್ನಷ್ಟು ಹೊತ್ತು ಅಭ್ಯಾಸ ಮಾಡಿದಳು. ಅದನ್ನು ನೆನೆಸಿಕೊಂಡರೆ ಈಗಲೂ ನನಗೆ ಹೊಟ್ಟೆ ಹಿಂಡುತ್ತದೆ.

ಕಂಡುಹಿಡಿದವರು ಅವಳ ಕೋಚ್. ಗ್ರಿಪ್ ಮೇಲೆ ಹೆಬ್ಬೆರಳು ಆಡಿಸಿ, ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಬೈಯಲಿಲ್ಲ. ಅವಳ ಅಂಗೈಗೆ ಸೀಮೆಸುಣ್ಣದ ಪುಡಿ ಸವರಿ, ಪಿಸ್ತೂಲು ಹಿಡಿಸಿ, ಬಿಡಿಸಿದರು. ಹೆಬ್ಬೆರಳ ಸಂದಿ ಕೂರುವ ಜಾಗದಲ್ಲಿ ಬಿಳಿ ದಟ್ಟವಾಗಿ ಅಂಟಿತ್ತು. ಬೇರೆ ಕಡೆ ತೆಳ್ಳಗೆ, ಒಂದೇ ಸಮ. 'ನೋಡಿ ಸಾರ್, ಎಲ್ಲ ಕಡೆ ಸಮವಾಗಿ ಉರಿದರೆ ಅದು ಅಭ್ಯಾಸ, ಚರ್ಮ ಗಟ್ಟಿಯಾಗೋವರೆಗೆ ಇರುತ್ತೆ. ಒಂದೇ ಕಡೆ ಉರಿದರೆ ಅದು ಗ್ರಿಪ್ಪಿನ ತಪ್ಪು, ಅಲ್ಲಿ ಮರ ಜಾಸ್ತಿ ಇದೆ ಅಂತ' ಅಂದರು. ಅರದಿಂದ ಅಷ್ಟೇ ಜಾಗದಲ್ಲಿ ನಾಲ್ಕು ಸಲ ಉಜ್ಜಿದರು, ಮುಗೀತು. ನಾನು ಅರ್ಧ ಗಂಟೆ ಉಜ್ಜಿದ್ದೆನಲ್ಲ, ಆ ಸಂದಿಗೆ ನನ್ನ ಸ್ಯಾಂಡ್ ಪೇಪರ್ ಹೋಗಿರಲೇ ಇಲ್ಲ. ತೆಗೆಯಬೇಕಾದ್ದನ್ನು ಬಿಟ್ಟು ಇರಬೇಕಾದ್ದನ್ನೆಲ್ಲ ತೆಗೆದಿದ್ದೆ.

ಅವತ್ತಿನಿಂದ ನನ್ನನ್ನು ಕೊರೆಯುತ್ತಿರುವ ಪ್ರಶ್ನೆ ಇದು: ಇನ್ನೊಬ್ಬರ ನೋವನ್ನು ತೆಗೆಯುವ ಹಕ್ಕು ನಮಗೆ ಎಷ್ಟಿದೆ?

ಉಳಿಪೆಟ್ಟು ತಿನ್ನದೆ ಕಲ್ಲು ಮೂರ್ತಿಯಾಗದು ಅನ್ನುವ ಮಾತು ನಮ್ಮಲ್ಲಿದೆ. ಮಕ್ಕಳು ಅತ್ತಾಗಲೆಲ್ಲ ಯಾರಾದರೊಬ್ಬರು ಅದನ್ನು ಹೇಳಿಯೇ ಹೇಳುತ್ತಾರೆ. ನನಗೆ ಈ ಮಾತಿನ ಮೇಲೆ ಮೊದಲಿಂದಲೂ ಗುಮಾನಿ. ಕಲ್ಲಿಗೆ ಬಾಯಿಲ್ಲ, ಹಾಗಾಗಿ ಶಿಲ್ಪಿ ಅದನ್ನು ಏನೂ ಕೇಳಬೇಕಾಗಿಲ್ಲ. ಮಕ್ಕಳಿಗೆ ಬಾಯಿದೆ. ಈ ಗಾದೆಯ ಹೆಸರಲ್ಲಿ ಎಷ್ಟು ಮೇಷ್ಟ್ರುಗಳು ಎಷ್ಟು ಬೆತ್ತ ಮುರಿದಿಲ್ಲ! ನಾನು ಅಂಥವನಲ್ಲ ಅನ್ನುವ ಹೆಮ್ಮೆ ನನಗಿತ್ತು. ಆದರೆ ಆ ರಾತ್ರಿ ನಾನು ಮಾಡಿದ್ದೇನು? ಉಳಿಯ ಬದಲು ಸ್ಯಾಂಡ್ ಪೇಪರ್ ಹಿಡಿದಿದ್ದೆ, ಅಷ್ಟೇ ವ್ಯತ್ಯಾಸ. ನಾನೂ ಅವಳನ್ನು ಕಲ್ಲು ಅಂತಲೇ ಅಂದುಕೊಂಡಿದ್ದೆ.

ಇನ್ನೊಂದು ನಿಜ ಒಪ್ಪಿಕೊಳ್ಳಬೇಕು. ನಾನು ತೆಗೆಯಲು ಹೊರಟದ್ದು ಅವಳ ನೋವನ್ನಲ್ಲ, ಅದನ್ನು ನೋಡುವ ನನ್ನ ನೋವನ್ನು. ಅವಳು ಚಮಚ ಹಿಡಿದು ಉಣ್ಣುವುದನ್ನು ನೋಡಲಾರೆ, ಅದಕ್ಕೇ ಉಜ್ಜಿದೆ. ಅಪ್ಪ ಅಮ್ಮಂದಿರು ಪ್ರೀತಿ ಅಂತ ಮಾಡುವ ಎಷ್ಟೋ ಕೆಲಸ ಈ ಜಾತಿಯದ್ದು.

ಸ್ವಲ್ಪ ಸಮಾಧಾನವಾದ ಮೇಲೆ ಅವಳಿಗೆ ಹಂಗೆರಿಯ ಕಾರೊಯ್ ಟಾಕಾಚ್ ಕತೆ ಹೇಳಿದೆ. ಸೈನ್ಯದಲ್ಲಿದ್ದವನು, 1938ರಲ್ಲಿ ಗ್ರೆನೇಡ್ ಸಿಡಿದು ಬಲಗೈ ಹೋಯಿತು. ಯಾರಿಗೂ ಹೇಳದೆ ಎಡಗೈಯಲ್ಲಿ ಅಭ್ಯಾಸ ಮಾಡಿ, 1948 ಮತ್ತು 1952ರ ಒಲಿಂಪಿಕ್ಸುಗಳಲ್ಲಿ ರ‍್ಯಾಪಿಡ್ ಫೈರ್ ಪಿಸ್ತೂಲಿನಲ್ಲಿ ಚಿನ್ನ ಗೆದ್ದ. ಹುರುಪು ತುಂಬೋಣ ಅಂತ ನನ್ನ ಉದ್ದೇಶ. ಅವಳು ಸುಮ್ಮನೆ ಕೇಳಿ, 'ಅವನ ಪಿಸ್ತೂಲನ್ನ ರಾತ್ರಿ ಬಂದು ಯಾರೂ ಉಜ್ಜಿರಲಿಲ್ಲ ಅಲ್ವಾ ಅಪ್ಪ' ಅಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ.

ಹಾಗಾದರೆ ಕೇಳಿ ಮಾಡಿದರೆ ಸಾಕೇ? ಮೊದಲು ಹಾಗೇ ಅಂದುಕೊಂಡೆ. ಆದರೆ ನಾನು ಕೇಳಿರಲಿಲ್ಲವೇ? 'ಏನಿದು ಪುಟ್ಟೀ' ಅಂದಿದ್ದೆ, 'ಏನಿಲ್ಲಪ್ಪ' ಅಂದಿದ್ದಳು. ಯಾಕೆ ಹಾಗಂದಳು ಅಂತ ಯೋಚಿಸಿದರೆ ತಪ್ಪು ಇನ್ನೂ ಹಿಂದಕ್ಕೆ ಹೋಗುತ್ತದೆ. ಎಂಟನೇ ವಯಸ್ಸಿನಲ್ಲಿ ಭರತನಾಟ್ಯದ ಕ್ಲಾಸಿನಿಂದ ಬಂದು 'ಕಾಲು ನೋವು' ಅಂದಿದ್ದಳು, 'ಹಾಗಾದರೆ ಬಿಟ್ಟುಬಿಡು' ಅಂದಿದ್ದೆವು. ಈಜು ಕಲಿಯುವಾಗ 'ಕಣ್ಣು ಉರಿ' ಅಂದಳು, ಅದನ್ನೂ ಬಿಡಿಸಿದೆವು. ನಮ್ಮ ಮನೆಯಲ್ಲಿ 'ನೋಯ್ತಿದೆ' ಅನ್ನುವ ಮಾತಿಗೆ ಇದ್ದದ್ದು ಒಂದೇ ಫಲ, ಇಷ್ಟವಾದದ್ದು ಕೈತಪ್ಪಿ ಹೋಗುವುದು. ಅದಕ್ಕೇ ಈ ಸಲ ಹುಷಾರಾಗಿದ್ದಾಳೆ. ಎಷ್ಟೋ ಮನೆಗಳಲ್ಲಿ 'ನೋಯ್ತಿದೆ' ಅಂದರೆ 'ಅಷ್ಟೂ ತಡ್ಕೊಳ್ಳೋಕಾಗಲ್ವಾ' ಅನ್ನುತ್ತಾರೆ. ನಾವು 'ಬಿಡು' ಅನ್ನುತ್ತಿದ್ದೆವು. ಎರಡು ಮನೆಯ ಮಕ್ಕಳೂ ಕಲಿಯುವುದು ಒಂದೇ ಪಾಠ: ಬಾಯಿ ಮುಚ್ಚಿಕೊಂಡಿರು.

ಅಂದರೆ ಕೇಳುವುದು ಅರ್ಧ ಕೆಲಸ. ನಿಜ ಹೇಳಿದರೆ ಏನೂ ಕಳೆದುಕೊಳ್ಳಬೇಕಾಗಿಲ್ಲ ಅನ್ನುವ ನಂಬಿಕೆ ಕೊಡುವುದು ಉಳಿದರ್ಧ. ಕೋಚ್ ಹೇಳಿದ ಎರಡು ಥರದ ಉರಿ ಯಾವುದು ಯಾವುದು ಅಂತ ಹೊರಗಿನಿಂದ ತಿಳಿಯುವುದಿಲ್ಲ. ಎಲ್ಲಿ ಉರಿಯುತ್ತಿದೆ ಅಂತ ಹೇಳಬಲ್ಲವಳು ಅವಳೊಬ್ಬಳೇ.

ಆ ಭಾನುವಾರ ಇಬ್ಬರೂ ಬಾಲ್ಕನಿಯಲ್ಲಿ ಕೂತೆವು. ಅವಳು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದಳು, ನಾನು ಮೊಳೆ, ಸುತ್ತಿಗೆ ಹಿಡಿದು ಒಂದೊಂದೇ ಚುಕ್ಕಿ ಕುಟ್ಟಿದೆ. ಮರ ಸೀಳದ ಹಾಗೆ ಮೆಲ್ಲಗೆ ಕುಟ್ಟಬೇಕು. ನಡುನಡುವೆ ಹಿಡಿದು ನೋಡಿ, 'ಇಲ್ಲಿ ಇನ್ನೂ ಬೇಕು', 'ಇಲ್ಲಿ ಸಾಕು' ಅನ್ನುತ್ತಿದ್ದಳು. ಉಜ್ಜಲು ಅರ್ಧ ಗಂಟೆ ಸಾಕಾಗಿತ್ತು, ಒರಟು ಮಾಡಲು ಸಂಜೆಯಾಯಿತು. ನೋಡಲು ಚೆನ್ನಾಗಿಲ್ಲ, ಸಿಡುಬು ಬಂದ ಮುಖದ ಹಾಗಿದೆ. ಆದರೆ ಜಾರುವುದಿಲ್ಲ.

ರಾಜ್ಯ ಸ್ಪರ್ಧೆಯಲ್ಲಿ ಅವಳು ಅಂದುಕೊಂಡಷ್ಟು ಹೊಡೆಯಲಿಲ್ಲ. ಹೋದ ಎರಡು ವಾರ ವಾಪಸ್ ಬರಲಿಲ್ಲ. ಅದರ ಲೆಕ್ಕ ನನ್ನ ಹೆಸರಲ್ಲೇ ಇದೆ, ಅವಳು ಎತ್ತಿ ಆಡಲಿಲ್ಲ ಅಷ್ಟೆ.

ಮೊನ್ನೆ ರೇಂಜಿನಿಂದ ಬಂದವಳು ತಾನಾಗಿಯೇ ಕೈ ಚಾಚಿ, 'ಅಪ್ಪ, ಉಂಗುರದ ಬೆರಳಿನ ಬುಡದಲ್ಲಿ ಉರೀತಿದೆ' ಅಂದಳು. ಬಾಯಿಗೆ ಬಂದದ್ದನ್ನು ನುಂಗಿಕೊಂಡು, 'ಏನ್ಮಾಡೋಣ?' ಅಂದೆ.

'ಏನೂ ಬೇಡ. ಹೇಳಿದೆ ಅಷ್ಟೆ' ಅಂದು, ಕೈ ತೊಳೆದುಕೊಂಡು ಊಟಕ್ಕೆ ಕೂತಳು.