ಆರಂಭಶೂರತ್ವವೂ ಪುನರಾರಂಭವೂ

ಆರಂಭಶೂರನೆಂಬುದು ನಿಂದೆಯ ಮಾತು. ತೊಡಗುವುದರಲ್ಲಿ ಶೂರನಾಗಿ, ಮುಗಿಸುವುದರಲ್ಲಿ ಹಿಂಜರಿಯುವವನಿಗೆ ಅದು ಸಲ್ಲತಕ್ಕುದು. ಆದರೆ ಒಂದು ಉದ್ಯಮವನ್ನು ಸ್ಥಾಪಿಸಿ, ಅದು ಬೆಳೆದರೂ ಬಿದ್ದರೂ ಮತ್ತೊಂದನ್ನು, ಬಳಿಕ ಮಗುದೊಂದನ್ನು ಸ್ಥಾಪಿಸುತ್ತ ಹೋಗುವವರು ಈಗ ಬಹು ಮಂದಿ. ಅವರೆಲ್ಲರನ್ನೂ ಈ ಒಂದು ಮಾತಿನಿಂದ ತಳ್ಳಿಬಿಡಬಹುದೆ?

ನಮ್ಮ ನಾಡಿನಲ್ಲಿ ಇದಕ್ಕೆ ಪ್ರಸಿದ್ಧ ನಿದರ್ಶನವೆಂದರೆ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥರು. 1971ರ ಯುದ್ಧವನ್ನು ಕಂಡು, ಸೈನ್ಯವನ್ನು ಬಿಟ್ಟುಬಂದು, ಹಾಸನದ ಸೀಮೆಯಲ್ಲಿ ಬೇಸಾಯಕ್ಕಿಳಿದರು. ರೇಷ್ಮೆ, ಮೋಟಾರುಸೈಕಲ್ಲಿನ ವ್ಯಾಪಾರ, ಹೋಟೆಲು, ಹೀಗೆ ಒಂದರ ಮೇಲೊಂದು. ಪ್ರಕೃತಿಗೆ ಹೊಂದಿದ ರೇಷ್ಮೆಕೃಷಿಗಾಗಿ 1996ರಲ್ಲಿ ರೋಲೆಕ್ಸ್ ಪಾರಿತೋಷಕವೂ ಬಂದಿತು. 1997ರಲ್ಲಿ ಹೆಲಿಕಾಪ್ಟರುಗಳನ್ನು ಹಾರಿಸಿದರು. 2003ರಲ್ಲಿ ಏರ್ ಡೆಕ್ಕನ್ ಸಂಸ್ಥೆಯಿಂದ ಸಾಮಾನ್ಯನನ್ನೂ ವಿಮಾನಕ್ಕೆ ಹತ್ತಿಸಿದರು. ನಷ್ಟ ಹೆಚ್ಚಲು ಅದು ಕಿಂಗ್‌ಫಿಷರ್ ಸಂಸ್ಥೆಯಲ್ಲಿ ಲೀನವಾಯಿತು. ಅಷ್ಟಕ್ಕೇ ನಿಲ್ಲದೆ 2009ರಲ್ಲಿ ಸರಕು ಸಾಗಿಸುವ ಡೆಕ್ಕನ್ 360 ಎಂಬುದನ್ನು ತೊಡಗಿದರು. ಅದು ಬಹುಕಾಲ ನಡೆಯಲಿಲ್ಲ.

ಬಿದ್ದವನು ಬಿದ್ದುದರಿಂದಲೇ ಕಲಿಯುವನೆಂದು ಲೋಕದ ನಂಬಿಕೆ. ಹಾರ್ವರ್ಡಿನ ಪಾಲ್ ಗೊಂಪರ್ಸ್ ಮೊದಲಾದವರು 2010ರಲ್ಲಿ ಪ್ರಕಟಿಸಿದ ಶೋಧನೆಯು ಇದಕ್ಕೆ ಅಷ್ಟಾಗಿ ಒತ್ತಾಸೆಯಾಗಿಲ್ಲ. ಅಮೆರಿಕೆಯಲ್ಲಿ ಪರರ ಬಂಡವಾಳದಿಂದ ತೊಡಗಿದವರೊಳಗೆ, ಹಿಂದೆ ಗೆದ್ದವನು ಮತ್ತೆ ಗೆಲ್ಲುವ ಸಂಭವ ನೂರಕ್ಕೆ ಸುಮಾರು 30. ಹಿಂದೆ ಸೋತವನಿಗೂ ಹೊಸಬನಿಗೂ 20ರ ಆಸುಪಾಸು. ಗೆಲುವೆಂದರೆ ಅಲ್ಲಿ ಷೇರುಪೇಟೆಯನ್ನು ಮುಟ್ಟುವುದು. ಅಳತೆಗೋಲು ತುಸು ಕಿರಿದೆಂದೇ ನನ್ನ ಎಣಿಕೆ. ಆದರೂ ಸೋಲು ತಾನಾಗಿಯೇ ಗುರುವಾಗದೆಂಬುದು ಸ್ಪಷ್ಟ.

ಕೊಳ್ಳೇಗಾಲ, ಹನೂರು, ಯಳಂದೂರುಗಳ ರೇಷ್ಮೆಯ ಮನೆಗಳನ್ನು ಬಲ್ಲವರಿಗೆ ಇದು ಹೊಸತಲ್ಲ. ನಾಲ್ಕನೆಯ ಜ್ವರವನ್ನು ದಾಟಿ, ಇನ್ನೇನು ಹಣ್ಣಾಗಿ ಚಂದ್ರಿಕೆಗೇರಬೇಕಾದ ಹುಳುಗಳು ಹಾಲುರೋಗದಿಂದಲೋ ಸುಣ್ಣಕಟ್ಟಿನಿಂದಲೋ ನಾಶವಾಗುವುದುಂಟು. ಆಗ ಒಬ್ಬನು ಸತ್ತ ಹುಳುಗಳನ್ನು ಸುಟ್ಟು, ತಟ್ಟೆ ಚಂದ್ರಿಕೆಗಳನ್ನು ತೊಳೆದು ಬಿಸಿಲಿಗಿಟ್ಟು, ಮನೆಯನ್ನು ಶುದ್ಧಿಮಾಡಿ ಹೊಸ ಮೊಟ್ಟೆ ತರುವನು. ಮತ್ತೊಬ್ಬನು ಮೊಟ್ಟೆ ಕೊಟ್ಟವನನ್ನು ಬಯ್ಯುತ್ತ, ಅದೇ ಕೊಳೆಯ ಮನೆಗೆ ಹೊಸ ಮೊಟ್ಟೆ ತರುವನು. ಹೊರಗಿನಿಂದ ನೋಡಿದರೆ ಇಬ್ಬರ ಧೈರ್ಯವೂ ಒಂದೇ.

ಗೀತೆಯ ಹನ್ನೆರಡನೆಯ ಅಧ್ಯಾಯವು ಆರಂಭಗಳನ್ನೆಲ್ಲ ತೊರೆದವನನ್ನು ಹೊಗಳುವುದು. ಹದಿನೆಂಟನೆಯದು, ಯಾವ ಆರಂಭವೂ ದೋಷಕ್ಕೆ ಹೊರತಲ್ಲವಾದುದರಿಂದ ಸ್ವಕರ್ಮವನ್ನು ಬಿಡಬೇಡವೆನ್ನುವುದು. ಇವೆರಡನ್ನು ಹೊಂದಿಸುವುದರಲ್ಲಿ ಪಾಠಶಾಲೆಯ ಎಷ್ಟೋ ಸಂಜೆಗಳು ಕಳೆದುವು. ತೊರೆಯಬೇಕಾದುದು ಫಲಭೋಗಕ್ಕಾಗಿ ಕೈಕೊಂಡ ಆರಂಭಗಳನ್ನೆಂದು ಶಂಕರರ ಭಾಷ್ಯ. ಲಾಭದ ಆಸೆಯನ್ನು ಬಿಡೆಂದು ವರ್ತಕನಿಗೆ ಹೇಳುವುದು ನನಗೆ ಸಾಧ್ಯವಿಲ್ಲ; ಆಸೆಯಿಲ್ಲದೆ ಅಂಗಡಿ ನಡೆಯದು. ಆದರೆ ರೈತನ ನಷ್ಟವನ್ನು ಬಹುಮಟ್ಟಿಗೆ ಅವನ ಮನೆಯವರೇ ಉಣ್ಣುವರು. ದೊಡ್ಡ ಉದ್ಯಮಿಯ ನಷ್ಟವನ್ನು ಸಾಲ ಕೊಟ್ಟವರೂ ಸಂಬಳಕ್ಕೆ ಕಾದವರೂ ಉಣ್ಣಬೇಕಾಗುವುದು. ಯಾರೊಬ್ಬರನ್ನೂ ಕುರಿತು ಈ ಮಾತಲ್ಲ. ನಾಲ್ಕನೆಯ ಅಂಗಡಿಯ ಪೂಜೆಗೆ ಕರೆಯಬಂದವನನ್ನು, ಮೂರನೆಯದರಲ್ಲಿ ದುಡಿದವರ ಬಾಕಿ ಸಂದಿತೆ ಎಂದು ಕೇಳಿಯೇ ನಾನು ಹೊರಡುವೆನು.