ಕಸೂತಿಯ ಹಿಂಬದಿ

ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಎಳೆ ಎಣಿಸಿ ಹಾಕಿದ ಗವಂತಿ ಹೊಲಿಗೆ ಎರಡೂ ಬದಿಗೆ ಒಂದೇ ರೀತಿ ಕಾಣಬೇಕು. ತುಂಬು ಕೆಲಸದ ಸೀರೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಧಾರವಾಡದಲ್ಲಿ ಇಂಥ ಸೀರೆ ಮಾರುವ ನನ್ನ ಹಳೆಯ ವಿದ್ಯಾರ್ಥಿನಿ ಇನ್‌ಸ್ಟಾಗ್ರಾಂನಲ್ಲಿ ಮೊದಲು ಬರಿಯ ಸೀರೆಯ ಚಿತ್ರ ಹಾಕಿದಳು; ಯಾರೂ ಕೇಳಲಿಲ್ಲ. ಆಮೇಲೆ ಗೋಪುರ, ತೇರು ಮೂಡುವುದನ್ನು ಅರ್ಧ ನಿಮಿಷಕ್ಕೆ ಓಡಿಸಿದಳು. ನೋಡಿದವರು ಬಹಳ, "ಇಷ್ಟಕ್ಕೆ ಇಷ್ಟು ರೇಟಾ?" ಎಂದವರೂ ಬಹಳ. ಮೂರನೆಯ ಸಲ ಹೊಲಿಯುವ ಅಜ್ಜಿಯ ಸುಕ್ಕುಗಟ್ಟಿದ ಬೆರಳು, ಜೊತೆಗೆ ಅಳುವ ಹಾಡು. ಆರ್ಡರು ಬಂದವು.

"ಸುಳ್ಳೇನೂ ಇಲ್ಲಲ್ರೀ ಅಕ್ಕೋರ?"

ಸುಳ್ಳಿಲ್ಲ. ಆದರೆ ಜನ ಕೊಂಡದ್ದು ಹೊಲಿಗೆಯನ್ನೋ, ಕನಿಕರವನ್ನೋ? ಎಳೆ ತಪ್ಪದ ಆ ಕೈಗೆ (ನನಗಂತೂ ಸೂಜಿ ಪೋಣಿಸಲೂ ಕನ್ನಡಕ ಬೇಕು) ಕನಿಕರವೇಕೆ? ಅಜ್ಜಿಗೆ ವಿಡಿಯೋ ತೋರಿಸಿದೆಯಾ ಎಂದೆ. ತೋರಿಸಿರಲಿಲ್ಲ. ಹಾಡು ತೆಗೆದು ಸೀರೆಯ ಹಿಂಬದಿ ತೋರಿಸು, ಹಿಡಿದ ದಿನಗಳನ್ನು ಬರೆ ಎಂದೆ.

"ಆರ್ಡರು ನಿಂತರ ಅಜ್ಜಿಗೆ ಪಗಾರ ಎಲ್ಲಿಂದ ಕೊಡ್ಲಿರೀ?" ಎಂದಳು.