ಗಾಳ ಹಿಡಿದ ಕೈಯ ಹೊಣೆ

1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿವೆಟ್ ವ್ಯಾನ್ ಇಂಗೆನ್ ಅವರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮಹಶೀರ್ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತು. ಕಾವೇರಿ ಕಣಿವೆಯ ಬಿಟ್ಟರೆ ಬೇರೆಲ್ಲೂ ಇಲ್ಲದ ಆ ಗೂನುಬೆನ್ನಿನ ಮಹಶೀರ್‌ ಅನ್ನು 2018ರಲ್ಲಿ ಅಂತಾರಾಷ್ಟ್ರೀಯ ಕೆಂಪುಪಟ್ಟಿಗೆ, ಅಳಿವಿನ ಅಂಚಿಗೆ ಬಂದ ಜೀವಿಗಳ ಸಾಲಿಗೆ ಸೇರಿಸಲಾಯಿತು. ಅಣೆಕಟ್ಟುಗಳು, ಮರಳುಗಾರಿಕೆ, ಸಿಡಿಮದ್ದಿನ ಬೇಟೆ, ಹೊರಗಿನಿಂದ ತಂದು ಬಿಟ್ಟ ಬೇರೆ ಜಾತಿಯ ಮಹಶೀರ್ ಇವೆಲ್ಲವೂ ಅದರ ಶತ್ರುಗಳು.

ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ಹಿಂದೆ ಹವ್ಯಾಸಿಗಳು ಮೀನು ಹಿಡಿದು, ತೂಗಿ, ಮತ್ತೆ ನದಿಗೆ ಬಿಡುತ್ತಿದ್ದರು. ಅಭಯಾರಣ್ಯದೊಳಗೆ ಇಂಥ ವಿನೋದ ಸಲ್ಲದೆಂದು 2012ರ ಹೊತ್ತಿಗೆ ಅದು ನಿಂತಿತು. ಈ ನಿಲುವು ನ್ಯಾಯವಾದುದೇ. ನಮ್ಮ ಸಂತೋಷಕ್ಕಾಗಿ ಮೂಕಜೀವಿಯ ಬಾಯಿಗೆ ಗಾಳ ಚುಚ್ಚುವ ಹಕ್ಕನ್ನು ನಮಗೆ ಕೊಟ್ಟವರಾರು?

ಆದರೆ ಇನ್ನೊಂದು ಮುಖವೂ ಉಂಟು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರು ಆ ಶಿಬಿರಗಳಲ್ಲಿ ಮಾರ್ಗದರ್ಶಕರಾಗಿ, ಕಾವಲುಗಾರರಾಗಿ ದುಡಿದರು. ಗೂನುಬೆನ್ನಿನ ಮೀನು ಕಡಿಮೆಯಾಗುತ್ತಿದೆ ಎಂಬ ಸತ್ಯ ವಿಜ್ಞಾನಿಗಳಿಗೆ ತಿಳಿದದ್ದೂ ಗಾಲಿಬೋರೆಯ ಹವ್ಯಾಸಿಗಳು ಬರೆದಿಟ್ಟ ಲೆಕ್ಕಗಳಿಂದಲೇ. ನದಿಯ ದಡದಲ್ಲಿ ಪ್ರೀತಿಯಿಂದ ನೋಡುವ ಕಣ್ಣುಗಳು ಇಲ್ಲವಾದಾಗ ಸಿಡಿಮದ್ದು ಹಿಡಿದು ಬರುವವನಿಗೆ ಅಡ್ಡಿಯೇನು?

ಹಾಗಾದರೆ ಯಾವುದು ಧರ್ಮ? ಪ್ರಭು ಯೇಸು ಮೀನುಗಾರರ ನಡುವೆಯೇ ನಡೆದಾಡಿದರು. ಗಾಳವೆಸೆಯಲು ಪೇತ್ರನಿಗೆ ಒಮ್ಮೆ ತಾವೇ ಹೇಳಿದರೆಂದು ಮತ್ತಾಯನ ಶುಭಸಂದೇಶ ತಿಳಿಸುತ್ತದೆ. ಆದ್ದರಿಂದ ಮೀನು ಹಿಡಿಯುವುದೇ ಪಾಪವಲ್ಲ. ಆದರೆ ಆದಿಕಾಂಡವು ಮನುಷ್ಯನನ್ನು ತೋಟದಲ್ಲಿರಿಸಿದ್ದು ಅದನ್ನು ಸಾಗುವಳಿ ಮಾಡಿ ಕಾಯುವುದಕ್ಕಾಗಿ. ಕಾಯುವವನಿಗೆ ಮಾತ್ರವೇ ಅನುಭವಿಸುವ ಅಧಿಕಾರ. ನದಿಗೆ ಹೋಗುವ ಹಕ್ಕು ಹಣ ಕೊಟ್ಟು ಕೊಳ್ಳುವಂಥದ್ದಲ್ಲ, ಹೊಣೆ ಹೊತ್ತು ಗಳಿಸುವಂಥದ್ದು. ಅತ್ಯಂತ ವಿರಳವಾದ ಜೀವಿಯ ವಿಷಯದಲ್ಲಂತೂ ಹಿಡಿಯದೆ ಕಾಯುವುದೇ ಆ ಹೊಣೆಯ ಮೊದಲ ಪಾಠವಾದೀತು. ಶೃಂಗೇರಿಯ ತುಂಗೆಯಲ್ಲಿ ಭಕ್ತರು ಮೀನುಗಳನ್ನು ಹಿಡಿಯದೆ, ಅವುಗಳಿಗೆ ಆಹಾರವಿತ್ತು ಸಂತೋಷಪಡುತ್ತಾರೆ. ನೆರೆಯವರ ಈ ಶ್ರದ್ಧೆಯಿಂದ ನಾವೂ ಕಲಿಯಬಹುದು.

2015ರಲ್ಲಿ ಜಗದ್ಗುರು ಫ್ರಾನ್ಸಿಸರು 'ಲೌದಾತೊ ಸಿ' ವಿಶ್ವಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಮನೆಯೆಂದರು. ಮನೆಯಲ್ಲಿ ಮೀನೂ ಒಬ್ಬ ವಾಸಿಯೇ. ಮಕ್ಕಳೊಡನೆ ಬಲಮುರಿಗೋ ಕಬಿನಿಯ ದಡಕ್ಕೋ ಹೋಗುವ ನಮ್ಮ ಕುಟುಂಬಗಳು ನೀರಿಗೆ ಪ್ಲಾಸ್ಟಿಕ್ ಎಸೆಯದಿರಲಿ. ಮುಂಗಾರಿನಲ್ಲಿ ಮೊಟ್ಟೆಯಿಡಲು ಹೊಳೆಯೇರುವ ಮೀನನ್ನು ಕೊಳ್ಳದಿರಲಿ. ಸೃಷ್ಟಿಕರ್ತನು ಒಪ್ಪಿಸಿದ ಹೊಳೆಯನ್ನು ಮೊಮ್ಮಕ್ಕಳಿಗೆ ಮೀನಿನ ಸಮೇತ ಒಪ್ಪಿಸುವುದು ನಮ್ಮ ಋಣ.